ಏಳನೆಯ ಕರಡು

"ಮಾನ್ಯರೇ" ಎಂದು ಬರೆದೆ. ಅಳಿಸಿದೆ.
"ಗೆಳೆಯರೇ" ಎಂದೆ. ಹನ್ನೊಂದು ವರ್ಷದಲ್ಲಿ
ಅವರ ಪೈಕಿ ಮುಖ ಕಂಡದ್ದು ನಾಲ್ವರದು,
ಅದರಲ್ಲೊಬ್ಬಳು ನನ್ನ ಹೆಂಡತಿ.

ಹಾಪ್ಸಲುವಿನ ಕೊಲ್ಲಿ ಹೆಪ್ಪುಗಟ್ಟಿದೆ.
ಹಗಲು, ಬಂದರಿನ ಟಿಕೆಟ್ ಯಂತ್ರಗಳ ಬಾಯಿಂದ
ನಾಣ್ಯ, ಹಿಮ, ಒಮ್ಮೆ ಒಂದು ಮೀನಿನ ಬಾಲ
ತೆಗೆಯುವವನು ನಾನು.
ರಾತ್ರಿ, ಮಾಡಿದವರೇ ಮರೆತ ಹೆಣಿಗೆ ಯಂತ್ರಗಳಿಗೆ
ಮಾತು ಕಲಿಸುವವನು.
ಇನ್ನೂರು ಸೂಜಿ, ಒಂದು ಕೇಬಲ್.
ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು;
ಯಂತ್ರಗಳಿಗೆ ಆ ಸುದ್ದಿ ಯಾರೂ ಮುಟ್ಟಿಸಲಿಲ್ಲ.

ನನ್ನ ಸಾಫ್ಟ್‌ವೇರಿಗೆ ಸಿಲ್ಮುಸ್ ಎಂದು ಹೆಸರು.
ಹೆಣಿಗೆಯ ಕುಣಿಕೆಗೆ ನಮ್ಮಲ್ಲಿ ಹಾಗನ್ನುತ್ತಾರೆ,
ಕಣ್ಣು ಎಂಬ ಮಾತಿಂದ ಹುಟ್ಟಿದ್ದು.
ಕೊರಳಿಗೆ ಬಿಗಿಯುವುದಕ್ಕೂ ಅದೇ ಪದ.
ಹೆಸರಿಡುವಾಗ ಇದು ನೆನಪಾಗಿರಲಿಲ್ಲ.

ಎಷ್ಟು ಕೇಳಬೇಕು?
ಆರು ತಿಂಗಳಿಗೆ ಒಂಬತ್ತು ಸಾವಿರದ ಆರುನೂರು ಯೂರೋ.
ಬರೆದ ಕೂಡಲೇ ಬೆರಳು ಬಿಸಿಯಾಯಿತು,
ಯಾರದೋ ಜೇಬಿನಲ್ಲಿ ಸಿಕ್ಕಿಬಿದ್ದ ಹಾಗೆ.
ಮೂರನೆಯ ಕರಡಿನಲ್ಲಿ ಎಂಟು ಸಾವಿರ.
ನಾಲ್ಕರಲ್ಲಿ "ನಿಮಗೆ ತೋಚಿದಷ್ಟು."
ಉರ್ವೆ ಹೆಗಲ ಮೇಲಿಂದ ಓದಿದಳು:
"ತೋಚಿದಷ್ಟು ಅಂದರೆ ಸೊನ್ನೆ.
ಹೊಗೆಮೀನು ಮಾರುವಾಗ ನಾನು ಹಾಗೆ ಅಂದಿದ್ದೇನಾ?"
"ಮೀನು ತಿಂದರೆ ಮುಗಿಯುತ್ತದೆ" ಅಂದೆ.
"ನೀನೂ ಮುಗಿಯುತ್ತೀ" ಅಂದಳು,
ದೀಪ ಆರಿಸದೆ ಮಲಗಿದಳು.

ಇದ್ದದ್ದೆಲ್ಲ ಬರೆಯಲೇ?
ಅಕ್ಟೋಬರಿನಲ್ಲಿ ಲ್ಯಾಪ್‌ಟಾಪಿನ ಕೀಲು ಮುರಿದು
ಪರದೆಯನ್ನು ಜೇನಿನ ಬಾಟಲಿಗೆ ಒರಗಿಸಿಕೊಂಡದ್ದು?
ದೂರದ ಪೋರ್ಟೊದಲ್ಲಿ ಸ್ವೆಟರಿನ ಕಾರ್ಖಾನೆಯೊಂದು
ಇದೇ ಸಿಲ್ಮುಸ್ ಮೇಲೆ ಹತ್ತು ಜನಕ್ಕೆ ಸಂಬಳ ಕೊಟ್ಟು
ನನಗೆ ವರ್ಷಕ್ಕೊಂದು ಹಬ್ಬದ ಶುಭಾಶಯ ಕಳಿಸುವುದು?
ಅಳಿಸಿದೆ. ಅಳು ಬೇರೆ, ಲೆಕ್ಕ ಬೇರೆ.

ಏಳನೆಯದು ಚಿಕ್ಕದು:
"ಹೊಸ ಕಂಪ್ಯೂಟರುಗಳು ಹಳೆಯ ಕೇಬಲಿನ ಗುರುತು ಹಿಡಿಯುವುದಿಲ್ಲ.
ಗುರುತು ಮಾಡಿಸಿಕೊಡಲು ನನಗೆ ಹಗಲು ಬೇಕು.
ಹಗಲಿಗೆ ಬೆಲೆಯಿದೆ. ಇಗೋ ಬೆಲೆ."
ಕಳಿಸಿದೆ. ಹೊರಗೆ ಹೋಗಿ ಮೆಟ್ಟಿಲಿನ ಹಿಮ ಕೆರೆದೆ,
ಕೆರೆದ ಮೆಟ್ಟಿಲನ್ನೇ ಮತ್ತೆ ಕೆರೆದೆ.

ಮೊದಲು ಬಂದದ್ದು ಬೈಗುಳ:
"ಪುಕ್ಕಟೆ ಅಂದಿದ್ದಿರಲ್ಲ?"
ಆಮೇಲೆ ಏಳು ಯೂರೋ, ಕೀಹ್ನು ದ್ವೀಪದಿಂದ,
ಲೈನೆ ಎಂಬ ಎಂಬತ್ತೊಂದರ ಹೆಂಗಸು, ಜತೆಗೆ ಈ ಸಾಲು:
"ನೂರಾ ಹದಿಮೂರನೆಯ ಸೂಜಿ ಪ್ರತಿ ಸಾಲಿನಲ್ಲೂ
ಒಂದು ಕಣ್ಣು ಬಿಡುತ್ತದೆ.
ಮೂರು ವರ್ಷದಿಂದ ಕೈಯಲ್ಲೇ ಎತ್ತಿಹಾಕಿಕೊಳ್ಳುತ್ತಿದ್ದೇನೆ.
ದುಡ್ಡು ಕೊಡದೆ ದೂರುವುದು ಹೇಗೆಂದು
ಸುಮ್ಮನಿದ್ದೆ."

ನಾಲ್ಕು ಸಲ ಓದಿದೆ.
ನಾನು ಕೇಳಲು ನಾಚಿ ಕೂತಷ್ಟು ಕಾಲ
ಆಕೆ ಹೇಳಲು ನಾಚಿ ಕೂತಿದ್ದಳು,
ನಡುವೆ ಬಿಟ್ಟ ಕಣ್ಣಿನ ಅದೆಷ್ಟು ಉಣ್ಣೆಯಂಗಿಗಳು.

ನಲವತ್ತು ದಿನಕ್ಕೆ ಮೂರು ಸಾವಿರದ ನೂರಾ ನಲವತ್ತು.
ಇಡುಗಂಟು ಅನ್ನಲಾಗದು. ಗಂಟು ಅನ್ನಬಹುದು,
ಒಂದು ನೂಲು ಮುಗಿದಲ್ಲಿ ಇನ್ನೊಂದಕ್ಕೆ ಹಾಕುವಂಥದು.
ಉರ್ವೆ ಕ್ಯಾಲೆಂಡರ್ ಇಳಿಸಿ ಪೆನ್ಸಿಲಿನಲ್ಲಿ ಗೀಟು ಹಾಕಿದಳು:
ಬುಧವಾರ, ಗುರುವಾರ. ಜೂನಿನವರೆಗೆ.
ಬಂದರಿಗೆ ಫೋನ್ ಮಾಡಿದೆ:
ಆ ಎರಡು ದಿನ ಯಂತ್ರ ಸಿಕ್ಕಿಕೊಂಡರೆ ಬೇರೆಯವರನ್ನು ಕರೆಯಿರಿ.
"ಬೇರೆ ಯಾರು?" ಅಂದರು.
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬುಧವಾರ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು
ಅಕ್ಷರ ಕಾಣದೆ ಪರದೆ ಎಳೆಯಬೇಕಾಯಿತು.
ಎಂಟೆಂಟರ ತುಂಡುಗಳು ಹದಿನಾಲ್ಕು ಮುಗಿದು
ಹದಿನೈದನೆಯದು ಶುರುವಾಗುವ ಕಡೆ
ಎಣಿಕೆ ಒಂದು ತಪ್ಪಿತ್ತು.
ಪಕ್ಕದಲ್ಲೇ ತಾರೀಕು, ನನ್ನ ಹೆಸರು,
ರಾತ್ರಿ ಎರಡು ಗಂಟೆ ಇಪ್ಪತ್ತು ನಿಮಿಷ.